ಮುಯ್ಯಿ ಲೈಕು

ನನ್ನ ಫೋನಿನ ಗಾಜಿನ ಮೇಲೆ ಸದಾ ರಾಗಿಹಿಟ್ಟಿನ ತೆಳ್ಳನೆಯ ಪದರವೊಂದು ಕೂತಿರುತ್ತದೆ. ಪಂಚೆಯ ಚುಂಗಿನಿಂದ ಒರೆಸಿದರೆ ಪಂಚೆಯಲ್ಲಿದ್ದ ಹಿಟ್ಟೂ ಬಂದು ಅದನ್ನು ಕೂಡಿಕೊಳ್ಳುತ್ತದೆ. ಹಿಟ್ಟು ಮೆತ್ತಿದ ಗಾಜನ್ನು ಹಿಟ್ಟು ಮೆತ್ತಿದ ಬೆರಳಿನಿಂದ ಎಷ್ಟು ಸವರಿದರೂ ಅದು ಕದಲುವುದಿಲ್ಲ. ಕದಲಿತೋ, ನಾನು ಕೇಳದ ಕಡೆಗೇ ಹೋಗುತ್ತದೆ. ಹಾಗೆ ಹೋಗಿ ಒಮ್ಮೆ ಅದು, ಈ ಜನ್ಮದಲ್ಲಿ ಮಾತಾಡಿಸಬಾರದೆಂದು ನಾನು ಶಪಥ ಮಾಡಿದ್ದ ನನ್ನ ಷಡ್ಡಕನಿಗೆ ತಾನಾಗಿ ವಿಡಿಯೊ ಕರೆ ಮಾಡಿ, ಹುಬ್ಬಿಗೆಲ್ಲ ಹಿಟ್ಟು ಹಿಡಿದ ನನ್ನ ಮುಖವನ್ನು ಅವನ ಮುಂದೆ ಹಿಡಿದು, ನಮ್ಮಿಬ್ಬರ ಹನ್ನೊಂದು ವರ್ಷದ ಜಗಳವನ್ನು ಅರ್ಧ ನಿಮಿಷದಲ್ಲಿ ನಗೆಪಾಟಲು ಮಾಡಿಬಿಟ್ಟಿತು. ಇಂಥ ಫೋನನ್ನು ನಂಬಿ ನಾನು ವ್ಯಾಪಾರ ಅಳೆಯಲು ಹೊರಟ ಕಥೆಯನ್ನು ನಿಮಗೆ ಹೇಳಬೇಕು.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ನಿವೃತ್ತನಾದ ಮೇಲೆ ಕುಂದಲಹಳ್ಳಿಯಲ್ಲಿ ನಮ್ಮಪ್ಪ ಬಿಟ್ಟುಹೋದ ಹಿಟ್ಟಿನ ಗಿರಣಿಯನ್ನು ನಡೆಸಿಕೊಂಡಿರುವವನು ನಾನು. ಗಿರಣಿಯ ಎಡಕ್ಕೆ ಪೀಜಿ, ಬಲಕ್ಕೆ ಪೀಜಿ, ಎದುರಿಗೆ ಕಟ್ಟುತ್ತಿರುವುದೂ ಪೀಜಿಯೇ. ಆ ಸಾಲಿನಲ್ಲಿ ಕೆಲವು ನಮ್ಮ ಜಾಗದಲ್ಲೇ ನಿಂತಿವೆ. ಅವುಗಳ ಬಾಡಿಗೆ ವ್ಯವಹಾರವನ್ನೆಲ್ಲ ನೋಡಿಕೊಳ್ಳುವುದು ನನ್ನ ತಮ್ಮ ಮುನಿರಾಜು. ಗಿರಣಿಯ ಅಂಗಡಿ ಇಬ್ಬರಿಗೂ ಸೇರಿದ್ದು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಂದವನು, ಹಿಟ್ಟು ಬಟ್ಟೆಗೆ ಹತ್ತದ ಹಾಗೆ ಬಾಗಿಲಲ್ಲೇ ನಿಂತು ಹೇಳಿದ:

“ಅಣ್ಣ, ನಾನೇನು ಕಟುಕ ಅಲ್ಲ. ಆದ್ರೆ ದಿನಕ್ಕೆ ಮೂರು ಜನ ಬರೋ ಅಂಗಡಿಗೆ ಶಟರ್ ಯಾಕೆ ಎತ್ಬೇಕು ಹೇಳು. ಬಿರಿಯಾನಿ ಅಂಗಡಿಯೋರು ಕೇಳ್ತಾವ್ರೆ. ಯುಗಾದಿವರೆಗೂ ನೋಡು. ಹೊಸ ಗಿರಾಕಿ ಬರ್ತಾರೆ ಅಂತ ತೋರ್ಸು, ನಾನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಕೊಟ್ಬಿಡೋಣ.”

ಅವನು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ಬರಿಸಿತು. ನಿಜ ಹೇಳುತ್ತೇನೆ, ಗಿರಣಿಯಿಂದ ನನ್ನ ಹೊಟ್ಟೆ ತುಂಬುತ್ತಿರಲಿಲ್ಲ, ಅದಕ್ಕೆ ಪಿಂಚಣಿ ಇತ್ತು. ಆದರೆ ಬೆಳಿಗ್ಗೆ ಎಂಟಕ್ಕೆ ಮೋಟಾರು ಹಾಕಿದಾಗ ನೆಲ ನಡುಗಿ, ಆ ನಡುಕ ಅಂಗಾಲಿನಿಂದ ಹತ್ತಿ ಎದೆಗೆ ಬರುತ್ತದಲ್ಲ, ಅದಿಲ್ಲದೆ ಹೋದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ ಎಂಬ ಭಯ ನನ್ನನ್ನು ಹಿಡಿದುಕೊಂಡಿತು. ಮನೆಯಲ್ಲಿ ಕೂತರೆ ನನ್ನ ಹೆಂಡತಿ ಸಾವಿತ್ರಿಯ ಅಡುಗೆಯಲ್ಲಿ ವ್ಯಾಕರಣ ದೋಷ ಹುಡುಕುತ್ತೇನೆ, ಅದು ಇಬ್ಬರಿಗೂ ಕ್ಷೇಮವಲ್ಲ.

ದಾರಿ ತೋರಿಸಿದವಳು ಅವಳೇ. ಗಿರಣಿಯ ಹೆಸರಿನಲ್ಲಿ ಫೋನಿನಲ್ಲೊಂದು ಪೇಜು ತೆರೆದು, ಹುರಿಹಿಟ್ಟು ಕಲಸುವುದು, ಮುದ್ದೆ ಕಟ್ಟುವುದು, ಅಂಬಲಿ ಕಾಯಿಸುವುದು ಎಂದು ಸಣ್ಣಸಣ್ಣ ವಿಡಿಯೊ ಹಾಕತೊಡಗಿದಳು. ಹಾಕಿದ್ದೇ ತಡ, ಕೆಂಪು ಹೃದಯಗಳ ಸುರಿಮಳೆ! ಇಷ್ಟೊಂದು ಜನಕ್ಕೆ ನಮ್ಮ ಹಿಟ್ಟಿನ ಮೇಲೆ ಪ್ರೀತಿಯಿದ್ದರೆ, ಆ ಪ್ರೀತಿ ಯಾವ ಊರಿನಿಂದ, ಯಾವ ಹೊತ್ತಿನಲ್ಲಿ, ಯಾಕೆ ಹರಿದು ಬರುತ್ತಿದೆ ಎಂಬುದನ್ನು ತಿಳಿದು ಮುನಿರಾಜುವಿನ ಮುಂದೆ ಇಡಬೇಕಲ್ಲ? ಅದಕ್ಕೆಂದೇ ಅನಾಲಿಟಿಕ್ಸ್ ಎಂಬ ಸಲಕರಣೆಗಳಿವೆ ಎಂದು ಗೊತ್ತಾಗಿ, ಶಾಲೆಗೆ ಹೊಸ ಪಠ್ಯಪುಸ್ತಕ ಆರಿಸುವಷ್ಟೇ ಗಾಂಭೀರ್ಯದಿಂದ ಮೂರನ್ನು ಎದುರಿಗಿಟ್ಟುಕೊಂಡು ಕೂತೆ. ಮೂರೂ ಹದಿನೈದು ದಿನ ಪುಕ್ಕಟೆ ಎಂದವು.

ಮೊದಲನೆಯದು ಏನು ಕೇಳಿದರೂ ಬಣ್ಣಬಣ್ಣದ ಚಕ್ರವನ್ನೇ ತೋರಿಸುತ್ತಿತ್ತು, ಒಂದೇ ಒಬ್ಬಟ್ಟನ್ನು ಎಂಟು ಮಂದಿಗೆ ಕೊಯ್ದು ಹಂಚಿದ ಹಾಗೆ. ನೋಡಲು ಚೆಂದ, ಯಾರ ಪಾಲು ಯಾವುದು ಎಂದು ಮಾತ್ರ ತಿಳಿಯದು. ಎರಡನೆಯದಕ್ಕೆ ಕನ್ನಡ ಬರುತ್ತದೆ ಎಂದು ಬರೆದಿತ್ತು. ಕನ್ನಡದ ಮೇಷ್ಟ್ರು ನಾನು, ಆಸೆಯಿಂದ ತೆರೆದೆ. ಜನ ಎಷ್ಟು ಒತ್ತಿದರು, ಎಷ್ಟು ಬರೆದರು ಎನ್ನುವುದಕ್ಕೆ ಇಂಗ್ಲಿಷಿನವರು ಎಂಗೇಜ್‌ಮೆಂಟ್ ಎನ್ನುತ್ತಾರಂತೆ. ಇದು ಅದನ್ನು ಕನ್ನಡಕ್ಕೆ ತಿರುಗಿಸಿ, “ಈ ವಾರ ನಿಮ್ಮ ನಿಶ್ಚಿತಾರ್ಥ ಹೆಚ್ಚಾಗಿದೆ” ಎಂದು ಅಭಿನಂದಿಸಿತು. ಸಾವಿತ್ರಿ ಹೆಗಲ ಮೇಲಿಂದ ಇಣುಕಿ, “ಯಾರ ಜೊತೆಗ್ರೀ?” ಎಂದಳು. ಅದನ್ನೂ ಬಿಟ್ಟೆ. ಮೂರನೆಯದು ಬಹಳ ಮಾತಾಡದೆ ಪೇಜಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಜೀವಮಾನವೆಲ್ಲ ಊರ ಮಕ್ಕಳಿಗೆ ಅಂಕ ಹಾಕಿದವನಿಗೆ ಈಗ ತಾನೇ ಅಂಕ ಹಾಕಿಸಿಕೊಳ್ಳುವ ಯೋಗ ಬಂದರೆ ಬಿಡುತ್ತಾನೆಯೇ? ಒಳಗೆ ಏನನ್ನು ಎಣಿಸಿ ಅಂಕ ಕೊಡುತ್ತೀಯಪ್ಪ ಎಂದು ಒಂದು ಮಾತು ಕೇಳದೆ ಅದಕ್ಕೇ ಸೈ ಎಂದೆ. ಮಿತ್ರರೇ, ನೀವೆಲ್ಲಾದರೂ ಇಂಥದ್ದನ್ನು ಕೊಳ್ಳುವುದಾದರೆ ಆ ಒಂದು ಮಾತು ಕೇಳಿಬಿಟ್ಟು ಕೊಳ್ಳಿ.

ಮರುವಾರವೇ ನೂರಕ್ಕೆ ತೊಂಬತ್ತೊಂದು! ಫೋನನ್ನು ಒರೆಸಿಕೊಂಡು ನೇರ ತಮ್ಮನ ಮನೆಗೇ ಹೋದೆ. “ಡಿಸ್ಟಿಂಕ್ಷನ್ ಕಣೋ ಮುನಿ, ನೋಡು!” ಎಂದೆ. ಅವನು ನೋಡಿದ. “ಸಕ್ಕತ್ತಾಗೈತೆ ಅಣ್ಣ. ಗಿರಾಕಿ ಎಲ್ಲಿ?” ಎಂದ. ಅವನು ಹೈಸ್ಕೂಲಿನಲ್ಲೂ ಹೀಗೇ, ಪಾಠದಲ್ಲಿಲ್ಲದ ಪ್ರಶ್ನೆಯನ್ನೇ ಕೇಳುತ್ತಿದ್ದ.

ಗಿರಾಕಿಯನ್ನು ತೋರಿಸಿಯೇ ಬಿಡುತ್ತೇನೆಂದು ಹಟ ಹಿಡಿದೆ. ನಮ್ಮ ಅಭಿಮಾನಿಗಳು ಅತಿ ಹೆಚ್ಚು ಎಚ್ಚರವಾಗಿರುವ ಗಳಿಗೆ ಮಂಗಳವಾರ ಮಧ್ಯಾಹ್ನ ಎರಡೂ ಮುಕ್ಕಾಲು ಎಂದು ಆ ಸಲಕರಣೆ ಪಂಚಾಂಗದಷ್ಟು ಖಚಿತವಾಗಿ ಹೇಳಿತು. ಆ ಗಳಿಗೆಗೆ ಸರಿಯಾಗಿ, ‘ಗುರುವಾರ ಬೆಳಿಗ್ಗೆ ಬಿಸಿಬಿಸಿ ಹುರಿಹಿಟ್ಟು, ನಿಮ್ಮ ಕಣ್ಣೆದುರಿಗೇ ಬೀಸಿಕೊಡಲಾಗುವುದು’ ಎಂದು ಸಾವಿತ್ರಿಯ ವಿಡಿಯೊ ಹಾಕಿಸಿದೆ. ಹೃದಯಗಳು ಬಿದ್ದವು, ಬೀಳುತ್ತಲೇ ಇದ್ದವು. ಗುರುವಾರ ಮುಂಜಾನೆ ಅರಳಿದ ರಾಗಿಯನ್ನು ಮೂಟೆಗಟ್ಟಲೆ ಸುರಿದು ಮೋಟಾರು ಹಾಕಿದೆ. ಆ ಪರಿಮಳ ಬೀದಿಯ ತುದಿಯವರೆಗೂ ಹೋಗಿ ಬಂತು. ಬಂದದ್ದು ಪರಿಮಳ ಒಂದೇ. ಹತ್ತಾಯಿತು, ಹನ್ನೊಂದಾಯಿತು, ನಾನೂ ಹುರಿಹಿಟ್ಟೂ ಒಬ್ಬರ ಮುಖ ಒಬ್ಬರು ನೋಡುತ್ತ ತಣ್ಣಗಾಗುತ್ತ ಕೂತೆವು.

ಹನ್ನೆರಡರ ಸುಮಾರಿಗೆ ಪಾಪಮ್ಮತ್ತೆ ಸೊಪ್ಪಿನ ಚೀಲ ಹಿಡಿದು ಆ ದಾರಿಯಲ್ಲಿ ಬಂದರು. ಪಾಪಮ್ಮತ್ತೆ ನಮ್ಮಪ್ಪನ ತಂಗಿ, ಈಗಲೂ ಊರಿನ ಹಳೆಯ ಮನೆಗಳಿಗೆಲ್ಲ ಹಿರಿಯರು. ನಮ್ಮ ಪ್ರತಿಯೊಂದು ವಿಡಿಯೊಗೂ ಮೊದಲ ಹೃದಯ ಅವರದೇ.

“ಏನ್ಲಾ ಕಿಟ್ಟ, ಅಂಗಡಿ ಬಣಬಣ ಅಂತೈತೆ?” ಎಂದರು.

“ಅತ್ತೆ, ಮೊನ್ನೆ ವಿಡಿಯೊಗೆ ಲೈಕ್ ಒತ್ತಿದ್ರಲ್ಲ, ಹುರಿಹಿಟ್ಟು ತಗೊಂಡು ಹೋಗಲ್ವಾ?”

“ನಾನ್ಯಾಕ್ಲಾ ತಗಳ್ಳಿ? ನಿನ್ತಾವ ಇಟ್ಟು ತಗಂಡ್ರೆ ನೀನು ದುಡ್ಡು ಇಸ್ಕಳಲ್ಲ. ಬಿಟ್ಟಿ ತಿಂದಂಗಾಯ್ತದೆ. ಅದ್ಕೇ ನಾನು ಅಂಗಡೀಲಿ ಪಾಕೀಟು ತರೋದು. ಲೈಕು ಬ್ಯಾರೆ. ಸಾವಿತ್ರಿ ನಮ್ಮ ಮರಿಮಗಳ ನಾಮಕರಣದ ಫೋಟೊಗೆ ಒತ್ತಿದ್ಲು, ನಾನು ಇಲ್ಲಿ ಒತ್ತಿ ತೀರಿಸ್ದೆ. ಮುಯ್ಯಿ ಅಂದ್ಮೇಲೆ ಮುಯ್ಯಿ ಅಲ್ವಾ?”

“ವಿಡಿಯೊ ನೋಡಿದ್ರಾ?”

“ನೋಡೋದೇನ್ಲಾ ಅದ್ರಲ್ಲಿ? ನನಗೆ ಮುದ್ದೆ ಕಟ್ಟಾಕೆ ಬರಾಕಿಲ್ವಾ?”

ಮುಯ್ಯಿ, ಮುಯ್ಯಾಳು ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕೇನೋ. ಐಟಿ ಕಟ್ಟಡಗಳು ಬರುವ ಮೊದಲು ಈ ಕುಂದಲಹಳ್ಳಿ, ದೊಡ್ಡನೆಕ್ಕುಂದಿಯ ಹೊಲಗಳಲ್ಲಿ ಕಳೆ ಕೀಳುವ ಕಾಲಕ್ಕೆ ಇವತ್ತು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ ಬರುತ್ತಿದ್ದೆವು. ಅದಕ್ಕೆ ಕೂಲಿಯಿಲ್ಲ, ಬಂದ ಕೈಗೆ ಹೋಗುವ ಕೈಯೇ ಉತ್ತರ. ಹೊಲಗಳು ಹೋದವು, ಕಳೆ ಹೋಯಿತು, ಕೈಯ ಋಣ ತೀರಿಸುವ ಆ ಹಳೆಯ ಸಭ್ಯತೆ ಮಾತ್ರ ಎಲ್ಲಿಗೆ ಹೋಗಬೇಕು ಪಾಪ, ಬೆರಳ ತುದಿಗೆ ಬಂದು ನಿಂತಿತು. ನಮ್ಮ ಸಲಕರಣೆ ಅಷ್ಟು ದಿನ ಬಲು ಶ್ರದ್ಧೆಯಿಂದ ಎಣಿಸುತ್ತಿದ್ದದ್ದು ಈ ಮುಯ್ಯಿಯನ್ನು. ಮಂಗಳವಾರ ಎರಡೂ ಮುಕ್ಕಾಲು ಎಂದರೆ ನಮ್ಮ ಅತ್ತೆ, ಚಿಕ್ಕಮ್ಮ, ಅತ್ತಿಗೆಯಂದಿರೆಲ್ಲ ಊಟ ಮುಗಿಸಿ, ತಲೆಗೆ ದಿಂಬು ಕೊಟ್ಟು, ಮುಯ್ಯಿ ತೀರಿಸುವ ಹೊತ್ತು. ನನ್ನ ತೊಂಬತ್ತೊಂದು ಅಂಕದ ಗುಟ್ಟು ಇಷ್ಟೇ.

ಆಮೇಲೆ ನನಗೆ ನನ್ನ ತರಗತಿಯೇ ನೆನಪಾಯಿತು. ಅರ್ಥವಾಯಿತೇ ಎಂದು ಕೇಳಿದರೆ ಮೂವತ್ತೆರಡು ವರ್ಷವೂ ತರಗತಿಗೆ ತರಗತಿಯೇ ತಲೆಯಾಡಿಸುತ್ತಿತ್ತು, ನಾನೂ ಹಿಗ್ಗಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ಆ ತಲೆಗಳಲ್ಲಿ ಎಷ್ಟು ನನ್ನ ಮೇಲಿನ ಗೌರವಕ್ಕೆ ಆಡಿದವು, ಎಷ್ಟು ಗಂಟೆ ಬೇಗ ಹೊಡೆಯಲಿ ಎಂದು ಆಡಿದವು, ನಾನು ಒಮ್ಮೆಯೂ ವಿಚಾರಿಸಲಿಲ್ಲ. ಮೆಚ್ಚಿಗೆ ಎಂಬುದು ಎಷ್ಟು ಸುಖವಾದ ವಸ್ತುವೆಂದರೆ, ಅದು ಕೈಗೆ ಬಂದ ಮೇಲೆ ಎಲ್ಲಿಂದ ಬಂತೆಂದು ಕೇಳುವಷ್ಟು ಪ್ರಾಮಾಣಿಕತೆ ಬಹಳ ಕಡಿಮೆ ಜನಕ್ಕೆ ಉಳಿಯುತ್ತದೆ. ನನಗಂತೂ ಉಳಿದಿರಲಿಲ್ಲ.

ಜ್ಞಾನೋದಯವಾದವನು ಸುಮ್ಮನಿರಬೇಕಿತ್ತು. ನಾನು ಮಹಾ ತಪ್ಪೊಂದನ್ನು ಮಾಡಿದೆ. ಕಾಳು ಜೊಳ್ಳು ಬೇರೆಯಾದರೆ ತಾನೇ ನಿಜವಾದ ಗಿರಾಕಿ ಕಾಣುವುದು ಎಂದು ನೆಂಟರ ಗ್ರೂಪಿನಲ್ಲಿ ಒಂದು ಪ್ರಕಟಣೆ ಹಾಕಿದೆ: “ಮಾನ್ಯ ಬಂಧುಗಳಲ್ಲಿ ವಿನಂತಿ. ವ್ಯಾಪಾರದ ನಿಖರ ಅಧ್ಯಯನದ ದೃಷ್ಟಿಯಿಂದ, ಇನ್ನು ಮುಂದೆ ತಾವು ಯಾರೂ ನಮ್ಮ ಗಿರಣಿಯ ವಿಡಿಯೊಗಳಿಗೆ ಲೈಕ್ ಒತ್ತಬಾರದಾಗಿ ಕೋರಿಕೆ.” ಕಾಗುಣಿತ ಎರಡು ಸಲ ನೋಡಿದ್ದೆ, ಅರ್ಥ ಒಂದು ಸಲವೂ ನೋಡಿರಲಿಲ್ಲ.

ಅರ್ಧ ಗಂಟೆಯ ಮೇಲೆ ಚಿಕ್ಕಪ್ಪನ ಸೊಸೆ ಬರೆದಳು: “ನಮ್ ಲೈಕು ಅಷ್ಟು ಕಹಿಯಾಯ್ತಾ ಭಾವ?” ಅದರ ಹಿಂದೆಯೇ, ಪಾಪಮ್ಮತ್ತೆ ಗ್ರೂಪು ಬಿಟ್ಟು ಹೊರಟುಹೋದರು. ಮುಯ್ಯಿ ಬೇಡ ಎನ್ನುವುದೂ ನಿಮ್ಮ ನಂಟು ಬೇಡ ಎನ್ನುವುದೂ ನಮ್ಮವರ ಕಿವಿಗೆ ಬೇರೆ ಬೇರೆಯಾಗಿ ಕೇಳುವುದಿಲ್ಲ, ಅದನ್ನು ಈ ಊರಲ್ಲೇ ಹುಟ್ಟಿ ಬೆಳೆದ ನಾನು ಮರೆತಿದ್ದೆ. ಆ ತಿಂಗಳು ನೆಂಟರೊಬ್ಬರ ಗೃಹಪ್ರವೇಶದ ಊಟಕ್ಕೆ ಕೂತಾಗ ಶಿಕ್ಷೆ ಜಾರಿಗೆ ಬಂತು. ಒಬ್ಬಟ್ಟು ಬಡಿಸುವವನು ಬಂದ, ನಾನು ರೂಢಿಯಂತೆ ಎಲೆಯ ಮೇಲೆ ಕೈ ಅಡ್ಡ ಹಿಡಿದು “ಸಾಕು ಸಾಕು” ಎಂದೆ, ಅವನು ನಿಜವಾಗಿಯೂ ಮುಂದೆ ಹೋಗಿಬಿಟ್ಟ! “ಒಂದೇ ಒಂದು ಮೇಷ್ಟ್ರೇ” ಎಂಬ ಒತ್ತಾಯವಿಲ್ಲದ ಊಟವನ್ನು ನಾನು ಜೀವನದಲ್ಲೇ ಮೊದಲ ಸಲ ಉಂಡದ್ದು. ಅವತ್ತು ನನಗೆ ಅಳು ಬರುವುದೊಂದು ಬಾಕಿ.

ಸಲಕರಣೆಯ ಅಂಕ ತೊಂಬತ್ತೊಂದರಿಂದ ಹದಿನೇಳಕ್ಕೆ ಬಿತ್ತು. ನಪಾಸು. ಸಿಟ್ಟಿನಲ್ಲಿ ಅದನ್ನು ಫೋನಿನಿಂದ ತೆಗೆದೇ ಹಾಕಿ, ಪೇಜಿನ ಜೊತೆಗೇ ಪುಕ್ಕಟೆಯಾಗಿ ಬರುವ ಸಾದಾ ಲೆಕ್ಕದ ಪುಟವನ್ನು ತೆರೆದೆ. ಅದು ಹೊಗಳುವುದೂ ಇಲ್ಲ, ಅಂಕ ಕೊಡುವುದೂ ಇಲ್ಲ. ಎಷ್ಟು ಜನ ವಿಡಿಯೊವನ್ನು ತೆಗೆದಿಟ್ಟುಕೊಂಡರು, ಯಾವ ಹೊತ್ತಿನಲ್ಲಿ ನೋಡಿದರು, ಎಲ್ಲಿ ಹಿಂದಕ್ಕೆ ಎಳೆದು ಮತ್ತೆ ನೋಡಿದರು, ಇಷ್ಟನ್ನು ಮಾತ್ರ ಹೇಳುತ್ತದೆ. ಹೃದಯಗಳೆಲ್ಲ ಉದುರಿಹೋಗಿದ್ದ ಆ ಪುಟದಲ್ಲಿ ಮೊದಲ ಬಾರಿಗೆ ಒಂದಿಷ್ಟು ಅಪರಿಚಿತರು ಕಾಣಿಸಿದರು. ಬೆರಳೆಣಿಕೆಯ ಜನ. ಹೃದಯ ಒತ್ತಿದವರಲ್ಲ, ಏನೂ ಬರೆದವರಲ್ಲ; ಕೆಲಸದ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮುದ್ದೆಯ ವಿಡಿಯೊ ತೆರೆಯುತ್ತಿದ್ದರು. ಕುದಿಯುವ ನೀರಿಗೆ ಸಾವಿತ್ರಿ ಹಿಟ್ಟು ಸುರಿದು ಕೋಲು ಆಡಿಸುವ ಜಾಗ ಬಂದಾಗ ಹಿಂದಕ್ಕೆ ಎಳೆದು ಮತ್ತೆ ನೋಡುತ್ತಿದ್ದರು.

ಮೇಷ್ಟ್ರ ಬುದ್ಧಿ ಅಲ್ಲಿ ಉಪಯೋಗಕ್ಕೆ ಬಂತು. ಒಂದೇ ಸಾಲನ್ನು ಮತ್ತೆ ಮತ್ತೆ ಓದುವ ಹುಡುಗ ಆ ಸಾಲಿನಲ್ಲಿ ಎಡವಿದ್ದಾನೆ ಎಂದು ಅರ್ಥ. “ಇವರಿಗೆ ಗಂಟಾಗ್ತಿದೆ ಸಾವಿತ್ರಿ!” ಎಂದು ಕೂಗಿದೆ. ಅವಳು ಕೂಡಲೇ ವಿಡಿಯೊ ಕೆಳಗೆ, “ಮುದ್ದೆ ಗಂಟಾಗ್ತಿದ್ಯಾ? ಹಿಟ್ಟು ತಗೊಂಡು ಗಿರಣಿಗೆ ಬನ್ನಿ, ನೋಡಿ ಹೇಳ್ತೀನಿ” ಎಂದು ಬರೆದಳು. ಮೂರನೆಯ ದಿನ ಸ್ಕೂಟರಿನ ಮುಂದೆ ಚೀಲವಿಟ್ಟುಕೊಂಡು ಒಬ್ಬ ಅಗಲ ಭುಜದ ಮನುಷ್ಯ ಬಂದಿಳಿದ.

“ಮುದ್ದಿ ವಿಡಿಯೊ ಹಾಕೋ ಅಮ್ಮಾರ ಗಿರಣಿ ಇದ ಏನ್ರಿ ಸರ?” ಎಂದು ಕೇಳಿದ. ಹೆಸರು ಮಲ್ಲಪ್ಪ, ವಿಜಯಪುರದ ಕಡೆಯವನು, ದೊಡ್ಡನೆಕ್ಕುಂದಿಯ ಒಂದು ಪೀಜಿಯಲ್ಲಿ ಅಡುಗೆಯವನು. “ನಾ ರೊಟ್ಟಿ ಬಡಿಯಾಂವ್ರಿ. ಈ ಮುದ್ದಿ ನನಗ ಬಗಿಹರಿವಲ್ದು. ಮಂಡ್ಯದ ಹುಡುಗ್ರು ಅದಾರ ನೋಡ್ರಿ, ಉಣ್ಣೂದು ಬಿಟ್ಟು ತಾಟಿನ್ಯಾಗ ಗಂಟ ಎಣಸ್ತಾರ. ಇವತ್ತ ಒಂಬತ್ತು ಅಂತ ಹೇಳಿ ನಗ್ತಾರ್ರಿ.”

ಸಾವಿತ್ರಿ ಅವನ ಚೀಲಕ್ಕೆ ಕೈ ಹಾಕಿ, ಹಿಟ್ಟನ್ನು ಎರಡು ಬೆರಳಿನ ನಡುವೆ ಉಜ್ಜಿ, “ಇದು ಮುಖಕ್ಕೆ ಹಚ್ಚೋ ಪೌಡರ್ ಥರ ಇದೆ, ಇದ್ರಲ್ಲಿ ಗಂಟಾಗ್ದೆ ಇನ್ನೇನಾಗುತ್ತೆ?” ಎಂದಳು. ನಾನು ಕಲ್ಲನ್ನು ಸ್ವಲ್ಪ ಸಡಿಲಿಸಿ, ಮುದ್ದೆಗೆಂದೇ ಕೊಂಚ ತರಿಯಾಗಿ ಬೀಸಿಕೊಟ್ಟೆ. ಮರುದಿನ ಮಲ್ಲಪ್ಪ ಒಂದೇ ಸಾಲು ಬರೆದು ಕಳಿಸಿದ: “ಸರ, ಇವತ್ತ ಸೊನ್ನಿ.” ನನಗೆ ಬಂದ ಅಂಕಗಳಲ್ಲೆಲ್ಲ ಸೊನ್ನೆ ಅಷ್ಟು ಖುಷಿ ಕೊಟ್ಟದ್ದು ಅದೊಂದೇ ಸಲ. ಅವನು ಇನ್ನಿಬ್ಬರು ಅಡುಗೆಯವರನ್ನು ಕರೆತಂದ, ಅವರಲ್ಲೊಬ್ಬ ಅತ್ತಿಬೆಲೆಯ ಕಾರ್ಖಾನೆ ಕ್ಯಾಂಟೀನಿನವನಿಗೆ ಹೇಳಿದ. ಗಿರಣಿಯ ಬಾಗಿಲಲ್ಲಿ ಚೀಲಗಳು ಸಾಲು ಕಟ್ಟತೊಡಗಿದವು.

ಅದೇ ಹೊತ್ತಿಗೆ ಇನ್ನೊಂದು ವಿಚಿತ್ರ ನಡೆಯಿತು. ಒಂದು ಬೆಳಿಗ್ಗೆ ಪಾಪಮ್ಮತ್ತೆ ಹೊಸಕೋಟೆಯ ಮಗಳ ಮನೆಯಿಂದ ಬಂದ ರಾಗಿಯನ್ನು ಡಬ್ಬದಲ್ಲಿ ಹೊತ್ತು ಬಂದು, ನನ್ನನ್ನು ಗೋಡೆಯನ್ನು ನೋಡುವಂತೆ ನೋಡಿ, ಚೀಲಗಳ ಸಾಲಿನ ಕೊನೆಗೆ ಆ ಡಬ್ಬವನ್ನು ದಬ್ಬನೆ ಕುಕ್ಕಿ ಹೊರಟುಹೋದರು. ಸಂಜೆ ಬಂದು ಹಿಟ್ಟು ತೆಗೆದುಕೊಂಡು, ಹಲಗೆಯ ಮೇಲೆ ಬರೆದಿದ್ದ ದರವನ್ನು ಗಟ್ಟಿಯಾಗಿ ಓದಿ, ದುಡ್ಡನ್ನು ಮೇಜಿನ ಮೇಲೆ ಇಟ್ಟರು. “ಅತ್ತೆ, ಇದೇನಿದು” ಎಂದೆ. ಕಿವುಡಿಯಂತೆ ನಡೆದೇ ಬಿಟ್ಟರು. ಮಾತು ಬಿಟ್ಟವರಿಗೆ ದುಡ್ಡು ವಾಪಸು ಕೊಡುವುದಾದರೂ ಹೇಗೆ? ಮರುವಾರ ಚಿಕ್ಕಪ್ಪನ ಸೊಸೆಯೂ ಹಾಗೇ ಬಂದಳು, ಆಮೇಲೆ ಇನ್ನಿಬ್ಬರು ಅತ್ತಿಗೆಯರು. ಎಲ್ಲರದ್ದೂ ಅದೇ ಬಿಗಿದ ಮುಖ, ಅದೇ ಸರಿಯಾದ ಚಿಲ್ಲರೆ. ಅಪ್ಪನ ಕಾಲದಿಂದ ನೆಂಟರ ಕೈಯಿಂದ ಒಂದು ಕಾಸು ಮುಟ್ಟದ ಗಿರಣಿ ಇದು. ಪರರಂತೆ ದುಡ್ಡು ಕೊಟ್ಟು ಹೋಗುತ್ತಾರಲ್ಲ ಎಂದು ಪ್ರತಿ ಸಲವೂ ಆ ಚಿಲ್ಲರೆಯನ್ನು ಒಲ್ಲದ ಕೈಯಿಂದ ಎತ್ತಿಡುತ್ತಿದ್ದೆ. ಸಾವಿತ್ರಿಗೆ ಹೇಳಿಕೊಂಡರೆ, “ನೀವು ಹಾಕಿದ ನೋಟೀಸು ತಾನೇ, ಅನುಭವಿಸಿ” ಎಂದು ಮುಖ ಆ ಕಡೆ ತಿರುಗಿಸುತ್ತಿದ್ದಳು.

ಯುಗಾದಿಗೆ ಎರಡು ದಿನವಿರುವಾಗ ಮುನಿರಾಜು ಬಂದ. ನಾನು ಫೋನು ತೆಗೆಯಲಿಲ್ಲ. ತೋರಿಸಲು ಯಾವ ಅಂಕವೂ ನನ್ನಲ್ಲಿರಲಿಲ್ಲ. ಅವನು ಒಳಗೆ ಬರಬೇಕಾದರೆ ಹಬ್ಬದ ಚೀಲ ಡಬ್ಬಗಳನ್ನು ದಾಟಬೇಕಿತ್ತು. ಒಂದೊಂದರ ಮೇಲಿನ ಹೆಸರನ್ನೂ ಬಗ್ಗಿ ಓದುತ್ತ ಬಂದವನು, “ಇದು ಪಾಪಮ್ಮತ್ತೆ ಡಬ್ಬ ಅಲ್ವಾ?” ಎಂದ.

“ಹೂಂ. ಮಾತಾಡಲ್ಲ. ದುಡ್ಡಿಟ್ಟು ಹೋಗ್ತಾರೆ.”

ಅವನ ಕರಿ ಪ್ಯಾಂಟಿಗೆ ಮೊಣಕಾಲಿನವರೆಗೆ ಹಿಟ್ಟು ಹತ್ತಿತ್ತು, ಕೊಡವಿಕೊಳ್ಳಲೂ ಇಲ್ಲ. “ಬಿರಿಯಾನಿಯೋರಿಗೆ ಬೇರೆ ಜಾಗ ತೋರಿಸ್ತೀನಿ ಬಿಡಣ್ಣ,” ಎಂದ. “ಶಟರ್ ಎಳೆದ್ರೆ ಇಷ್ಟು ಡಬ್ಬ ಎತ್ಕೊಂಡು ನಾನೆಲ್ಲಿಗೆ ಹೋಗ್ಲಿ?”

ಸಂತೋಷವಾದಾಗ ನಾನು ಬಹಳ ಮೆತ್ತಗಾಗುತ್ತೇನೆ, ಎಂಥವರ ಕಾಲನ್ನಾದರೂ ಹಿಡಿದುಬಿಡುತ್ತೇನೆ. ಅಷ್ಟರಲ್ಲಿ ಪಾಪಮ್ಮತ್ತೆ ತಮ್ಮ ಹಿಟ್ಟಿಗೆ ಬಂದು, ಎಂದಿನಂತೆ ಹಲಗೆ ಓದಿ, ನೋಟುಗಳನ್ನು ಮೇಜಿನ ಮೇಲಿಟ್ಟರು. ನಾನು ಅವನ್ನು ಎತ್ತಿ ಅವರ ಕೈಯೊಳಗೆ ತುರುಕಿ, “ಅತ್ತೆ, ತಪ್ಪಾಯ್ತು. ನಂದು ಬುದ್ಧಿಗೇಡಿ ಕೆಲಸ. ಕೋಪ ಬಿಟ್ಟುಬಿಡಿ, ಒಂದು ಮಾತಾಡಿ” ಎಂದೆ. ತಮ್ಮನ ಎದುರಿಗೆಂದು ನಾಚಿಕೆಯೇನೂ ಆಗಲಿಲ್ಲ.

ಪಾಪಮ್ಮತ್ತೆ ಮುನಿರಾಜುವನ್ನು ನೋಡಿದರು, ಒಳಗಿನಿಂದ ಇಣುಕುತ್ತಿದ್ದ ಸಾವಿತ್ರಿಯನ್ನು ನೋಡಿದರು. ಸಾವಿತ್ರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

“ಕೋಪ ಓಗಿ ಎರಡು ತಿಂಗ್ಳಾಯ್ತು ಕಣ್ಲಾ ದಡ್ಡ,” ಎಂದರು. “ಮುನಿ ಶಟರ್ ಎಳೀತಾನೆ ಅಂತ ನಿನ್ನೆಂಡ್ತಿ ಬಂದು ಅತ್ಲು. ನಮ್ಮಣ್ಣನ ಗಿರಣಿ ನಿಲ್ಲಾಕೆ ಬಿಟ್ಟೇನಾ ನಾನು? ಆದ್ರೆ ಮಾತಾಡ್ಸಿದ್ರೆ ನೀನು ದುಡ್ಡು ಇಸ್ಕಳಲ್ಲ. ಅದ್ಕೇ ನಾವೆಲ್ಲ ಮಾತು ಬಿಟ್ಟಿದ್ದು.”

ಅವರು ಆ ನೋಟುಗಳನ್ನು ಮತ್ತೆ ಮೇಜಿನ ಮೇಲಿಟ್ಟು, ಅಂಗೈಯಿಂದ ಒಮ್ಮೆ ಒತ್ತಿ, ಬಿಸಿ ಹಿಟ್ಟಿನ ಡಬ್ಬವನ್ನು ಕಂಕುಳಿಗೆ ಏರಿಸಿಕೊಂಡರು.

“ಇವತ್ತು ಅಬ್ಬದ ಎದುರು ಅಂತ ಮಾತಾಡ್ದೆ. ಮುಂದಿನ್ವಾರದಿಂದ ಮತ್ತೆ ಠೂ!”